ಗ್ಯಾಸಿನಲ್ಲಿ ಸಲೀಸು, ಪೆಟ್ರೋಲಿನಲ್ಲಿ ನಡುಕ: ಇಸಿಯು ಬದಲಿಸಲೇಬೇಕೇ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲಿ ಮದುವೆ, ಮುಂಜಿಗಳಿಗೆ ಅಡುಗೆಯ ಗುತ್ತಿಗೆ ಹಿಡಿಯುತ್ತೇನೆ. ನನ್ನದು 2015ರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಮೂರು ವರ್ಷದ ಹಿಂದೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದೆ. ಈ ಜುಲೈಯಲ್ಲಿ ಒಂದು ದಿನ ರಸ್ತೆಯ ನೀರು ಬಾಗಿಲಿನ ಕೆಳ ಅಂಚಿನವರೆಗೂ ಏರಿತ್ತು, ಆದರೆ ಗಾಡಿ ನಿಲ್ಲಲಿಲ್ಲ. ಅದಾದ ಕೆಲವು ದಿನಕ್ಕೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗಲು ತೊಡಗಿತು. ಮಿಸ್ಸಿಂಗ್ ಹೊಡೆಯುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಗ್ಯಾಸಿಗೆ ಹೋದ ಮೇಲೆ ಓಡಾಟಕ್ಕೆ ತೊಂದರೆಯಿಲ್ಲ, ಸಲೀಸಾಗಿಯೇ ಓಡುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಪಿ0203, ಪಿ0303 ಎಂಬ ಎರಡು ಕೋಡ್ ಬರೆದುಕೊಟ್ಟರು. ಪ್ಲಗ್ ಬದಲಿಸಿದರು, ಇಂಜೆಕ್ಟರನ್ನು ಎರಡು ಸಲ ಕ್ಲೀನ್ ಮಾಡಿದರು. ಗುಣ ಕಾಣಲಿಲ್ಲ. ಈಗ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರು, ಹೋಗಿದೆ, ಹೊಸದಕ್ಕೆ 42,000 ರೂಪಾಯಿ, ಹಳೆಯದು ಸಿಕ್ಕರೆ 15,000ದಲ್ಲಿ ಮುಗಿಸೋಣ ಎನ್ನುತ್ತಿದ್ದಾರೆ. ನಮ್ಮ ಕಟ್ಟಡದವರೊಬ್ಬರು ಇದು ಇಲಿಯ ಕೆಲಸ, ಈಗಿನ ವೈರಿನ ಮೇಲಿನ ಪದರವನ್ನು ಸೋಯಾದಿಂದ ಮಾಡುತ್ತಾರೆ ಎಂದರು. ಇನ್ನೊಬ್ಬರು ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲಿನದೇ ತಪ್ಪು ಎಂದರು. ಚೌತಿಗೆ ಸಂಸಾರ ಸಮೇತ ಊರಿಗೆ ಹೊರಡಬೇಕು. ಹಣ ಕೊಟ್ಟೂ ಸರಿಯಾಗದಿದ್ದರೆ ಏನು ಗತಿ? ಕೊಡದೆ ಹೊರಟು ಘಾಟಿಯಲ್ಲಿ ನಿಂತರೆ?

ಉತ್ತರ: ನಿಮ್ಮ ಪತ್ರದಲ್ಲಿ ನೀರು, ಇಲಿ, ಎಥೆನಾಲ್ ಎಲ್ಲ ಬಂದಿವೆ. ಆದರೆ ನೀವು ಸಮಾಧಾನಕ್ಕೆಂದು ನಡುವೆ ಹೇಳಿದ ಒಂದು ಮಾತು ಅವೆಲ್ಲಕ್ಕಿಂತ ತೂಕದ್ದು. ಗ್ಯಾಸಿಗೆ ಹೋದ ಮೇಲೆ ಗಾಡಿ ಸಲೀಸಾಗಿ ಓಡುತ್ತದೆ ಎಂದಿರಿ. ಈ ಮಾತು ನಿಜವಾದರೆ ನಿಮ್ಮ ಇಸಿಯು ಬಹುಮಟ್ಟಿಗೆ ನಿರಪರಾಧಿ. ಸದ್ಯಕ್ಕೆ ಒಂದು ಪೈಸೆಯನ್ನೂ ಮುಂಗಡ ಕೊಡಬೇಡಿ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಆ ಎರಡು ಕೋಡ್‌ಗಳನ್ನು ಬಿಡಿಸಿಕೊಳ್ಳೋಣ. ಪಿ0203 ಎಂದರೆ ಮೂರನೆಯ ಸಿಲಿಂಡರಿನ ಇಂಜೆಕ್ಟರಿನ ವಿದ್ಯುತ್ ಹಾದಿಯಲ್ಲಿ ದೋಷ. ಪಿ0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಉರಿ ಸರಿಯಾಗಿ ಹತ್ತುತ್ತಿಲ್ಲ. ಮೊದಲನೆಯದು ಕಾರಣ, ಎರಡನೆಯದು ಅದರ ಫಲ. ಎರಡನ್ನೂ ಬೇರೆ ಬೇರೆ ರೋಗವೆಂದು ತಿಳಿದು ಒಂದಕ್ಕೆ ಪ್ಲಗ್, ಇನ್ನೊಂದಕ್ಕೆ ಕ್ಲೀನಿಂಗ್ ಎಂದು ಮದ್ದು ಹಾಕಿದ್ದಾರೆ. ಪ್ಲಗ್ ಕೆಟ್ಟಿದ್ದರೆ ಪಿ0303 ಬರಬಹುದಿತ್ತು, ಪಿ0203 ಬರುವುದಿಲ್ಲ. ಜೊತೆಗೆ, ಕೆಟ್ಟ ಪ್ಲಗ್ ಗ್ಯಾಸಿನಲ್ಲಿ ಇನ್ನೂ ಹೆಚ್ಚು ಕಾಡುತ್ತದೆ, ಏಕೆಂದರೆ ಸಿಎನ್‌ಜಿಗೆ ಕಿಡಿ ಹತ್ತಿಸುವುದು ಪೆಟ್ರೋಲಿಗಿಂತ ಕಷ್ಟ.

ಇಂಜೆಕ್ಟರ್ ಎಂಬುದು ಒಂದು ಪುಟ್ಟ ವಿದ್ಯುತ್ ಕವಾಟ. ಅದಕ್ಕೆ ಬರುವುದು ಎರಡೇ ವೈರು. ಕೀ ತಿರುಗಿಸಿದ ಕೂಡಲೇ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಒಂದು ವೈರಿನಲ್ಲಿ ಬ್ಯಾಟರಿಯ 12 ವೋಲ್ಟ್ ಬಂದು ನಿಲ್ಲುತ್ತದೆ. ಇದು ನಾಲ್ಕೂ ಇಂಜೆಕ್ಟರಿಗೆ ಸಾಮಾನ್ಯ. ಇನ್ನೊಂದು ವೈರು ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಇಸಿಯುಗೆ ಹೋಗುತ್ತದೆ. ಇಸಿಯು ಆ ವೈರನ್ನು ಸೆಕೆಂಡಿನ ಸಾವಿರದ ಕೆಲವೇ ಪಾಲಿನಷ್ಟು ಹೊತ್ತು ಅರ್ಥಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ, ಮುಟ್ಟಿಸಿ ಬಿಡುತ್ತದೆ. ಅಷ್ಟರಲ್ಲಿ ಒಳಗಿನ ಸುರುಳಿ ಸೂಜಿಯನ್ನು ಎತ್ತಿ ಪೆಟ್ರೋಲ್ ಚಿಮ್ಮಿಸುತ್ತದೆ. ತಾನು ಮುಟ್ಟಿಸಿದಾಗ ವೋಲ್ಟೇಜ್ ಇಳಿಯಿತೇ, ಬಿಟ್ಟಾಗ ಏರಿತೇ ಎಂದು ಇಸಿಯು ನೋಡುತ್ತಲೇ ಇರುತ್ತದೆ. ನಿರೀಕ್ಷಿಸಿದ್ದು ಕಾಣದಿದ್ದರೆ ಪಿ0201ರಿಂದ ಪಿ0204ರವರೆಗಿನ ಕೋಡ್ ಬರೆದಿಡುತ್ತದೆ. ಇದರಲ್ಲಿ ಪೆಟ್ರೋಲಿನ ಗುಣದ ಮಾತೇ ಇಲ್ಲ. ಇಂಜೆಕ್ಟರಿನ ಮೂತಿಗೆ ಕೊಳೆ ಕಟ್ಟಿದರೆ ಪಿಕಪ್ ಕಡಿಮೆಯಾಗುತ್ತದೆ, ಬೇರೆ ಕೋಡ್ ಬರುತ್ತದೆ, ಆದರೆ ಪಿ0203 ಬರುವುದಿಲ್ಲ. ಎಥೆನಾಲಿನ ಕಥೆಯೂ ಇಷ್ಟೇ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಸೀಲುಗಳ ವಿಷಯದಲ್ಲಿ ಅದರ ಚರ್ಚೆ ಇರಲಿ. ಎಥೆನಾಲ್ ನಾಲ್ಕೂ ಸಿಲಿಂಡರಿಗೆ ಸಮನಾಗಿ ಹೋಗುತ್ತದೆ. ಮೂರನೆಯದನ್ನೇ ಹುಡುಕಿ ಕಾಡಲು ಅದಕ್ಕೇನೂ ಹಗೆಯಿಲ್ಲ.

ಇಲಿಯ ವಿಷಯವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಮುಂಬೈಯ ಕಟ್ಟಡಗಳ ಕೆಳಗೆ ನಿಲ್ಲುವ ಗಾಡಿಗಳಿಗೆ ಮಳೆಗಾಲದಲ್ಲಿ ಇಲಿಯ ಕಾಟ ಇದ್ದದ್ದೇ. ಬೆಚ್ಚಗಿನ, ಒಣಗಿದ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುತ್ತವೆ. ಆದರೆ ಸೋಯಾ ರುಚಿಗೆ ಕಡಿಯುತ್ತವೆ ಎಂಬುದನ್ನು ಅಷ್ಟು ನಂಬಬೇಡಿ. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಸವೆಸಲು ಅದಕ್ಕೆ ಏನಾದರೂ ಕಡಿಯಲೇಬೇಕು. ಹಳೆಯ ಕಾಲದ ಪಿವಿಸಿ ವೈರನ್ನೂ ಅದು ಬಿಟ್ಟಿರಲಿಲ್ಲ. ಇಲಿ ಕಡಿದಿದ್ದರೆ ಕಣ್ಣಿಗೆ ಕಾಣುತ್ತದೆ. ಜೋಡಿ ಹಲ್ಲಿನ ಗುರುತು, ವೈರಿನ ಸಿಪ್ಪೆಯ ಚೂರು, ಹಿಕ್ಕೆ, ಮೂತ್ರದ ವಾಸನೆ ಇವುಗಳಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿ. ಏನೂ ಕಾಣದಿದ್ದರೆ ಇಲಿಯನ್ನು ಮರೆತುಬಿಡಿ.

ಈಗ ಗ್ಯಾಸಿನ ವಿಷಯ. 2015ರ ಗಾಡಿಗೆ ಹಾಕುವ ಕಿಟ್ ಬಹುಶಃ ಸೀಕ್ವೆನ್ಷಿಯಲ್, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆಯಾಗಿ ಗ್ಯಾಸು ಕೊಡುವಂಥದ್ದು, ಇರುತ್ತದೆ. ಇಂಜಿನ್ನಿನ ಮೇಲೆ ನಾಲ್ಕು ಗ್ಯಾಸ್ ಇಂಜೆಕ್ಟರುಗಳ ಸಾಲು, ಅಲ್ಲಿಂದ ನಾಲ್ಕು ತೆಳುವಾದ ಕೊಳವೆಗಳು ಗಾಳಿ ಒಳಹೋಗುವ ಇಂಟೇಕಿಗೆ ಹೋಗಿರುವುದು ಕಂಡರೆ ಅದೇ ಎಂದು ತಿಳಿಯಿರಿ. ಇಂಥ ಕಿಟ್ ಹಾಕುವಾಗ ಇಸಿಯುವಿನಿಂದ ಪೆಟ್ರೋಲ್ ಇಂಜೆಕ್ಟರಿಗೆ ಹೋಗುವ ನಾಲ್ಕು ವೈರುಗಳ ನಡುವೆ ಗ್ಯಾಸಿನ ಕಂಪ್ಯೂಟರನ್ನು ಸೇರಿಸುತ್ತಾರೆ. ಪೆಟ್ರೋಲಿನಲ್ಲಿ ಓಡುವಾಗ ಅದು ಎರಡೂ ತುದಿಯನ್ನು ಒಳಗೊಳಗೇ ಕೂಡಿಸುತ್ತದೆ. ಗ್ಯಾಸಿಗೆ ಹೋದಾಗ ಪೆಟ್ರೋಲ್ ಇಂಜೆಕ್ಟರನ್ನು ಕತ್ತರಿಸಿ, ಅದರ ಜಾಗದಲ್ಲಿ ಒಂದು ಹುಸಿ ಹೊರೆಯನ್ನು ತೋರಿಸಿ ಇಸಿಯುವನ್ನು ಸುಮ್ಮನಿರಿಸುತ್ತದೆ. ಜೊತೆಗೆ ಇಸಿಯು ಕೊಡುವ ಅದೇ ಮಿಡಿತವನ್ನು ಓದಿಕೊಂಡು ತನ್ನ ಗ್ಯಾಸ್ ಇಂಜೆಕ್ಟರನ್ನು ತೆರೆಯುತ್ತದೆ.

ಇದರ ಅರ್ಥವನ್ನು ಗಮನಿಸಿ. ಗ್ಯಾಸಿನಲ್ಲಿ ಓಡುವಾಗಲೂ ಮೂರನೆಯ ಸಿಲಿಂಡರಿಗೆ ಅಪ್ಪಣೆ ಬರುವುದು ನಿಮ್ಮ ಕಾರಿನ ಇಸಿಯುವಿನಿಂದಲೇ. ಇಂಜೆಕ್ಟರಿನ ವೈರನ್ನು ಅರ್ಥಿಗೆ ಮುಟ್ಟಿಸುವ ಅದರೊಳಗಿನ ಮೂರನೆಯ ಸ್ವಿಚ್ಚು ಸುಟ್ಟುಹೋಗಿದ್ದರೆ ಗ್ಯಾಸಿನಲ್ಲೂ ಮೂರನೆಯ ಸಿಲಿಂಡರು ಸತ್ತಿರಬೇಕಿತ್ತು, ಗಾಡಿ ಅಲ್ಲಿಯೂ ನಡುಗಬೇಕಿತ್ತು. ನಡುಗುತ್ತಿಲ್ಲ. ಹಾಗಾದರೆ ಇಸಿಯು ತನ್ನ ಕೆಲಸ ಮಾಡುತ್ತಿದೆ. ಅದರಿಂದ ಗ್ಯಾಸಿನ ಕಂಪ್ಯೂಟರಿನವರೆಗಿನ ವೈರು ಕೂಡ ಅಪ್ಪಣೆ ಮುಟ್ಟಿಸುತ್ತಿದೆ. ನಾಲ್ಕಕ್ಕೂ ಸಾಮಾನ್ಯವಾದ 12 ವೋಲ್ಟಿನ ಮೂಲ ಕಡಿದಿದ್ದರೆ ಪೆಟ್ರೋಲಿನಲ್ಲಿ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ಅದೂ ಸರಿಯಿದೆ. ಉಳಿದದ್ದು ಸಣ್ಣ ಜಾಗ: ಗ್ಯಾಸಿನ ಕಂಪ್ಯೂಟರಿನಿಂದ ಮೂರನೆಯ ಪೆಟ್ರೋಲ್ ಇಂಜೆಕ್ಟರಿನವರೆಗಿನ ವೈರು ಮತ್ತು ಜಾಯಿಂಟು, ಇಂಜೆಕ್ಟರಿಗೆ ವೈರು ಸಿಕ್ಕಿಸುವ ಕಪ್ಲರ್, ಇಂಜೆಕ್ಟರಿನ ಒಳಗಿನ ಸುರುಳಿ, ಇಲ್ಲವೇ ಗ್ಯಾಸಿನ ಕಂಪ್ಯೂಟರಿನೊಳಗೆ ಎರಡು ತುದಿ ಕೂಡಿಸುವ ಭಾಗ.

ಒಂದು ತಕರಾರನ್ನು ನಾನೇ ಎತ್ತುತ್ತೇನೆ, ಇಲ್ಲದಿದ್ದರೆ ನಿಮ್ಮ ಗ್ಯಾರೇಜಿನವರು ಎತ್ತುತ್ತಾರೆ. ನಿಜವಾದ ಇಂಜೆಕ್ಟರ್ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಗ್ಯಾಸಿನ ಹುಸಿ ಹೊರೆ ಅದಕ್ಕಿಂತ ಕಡಿಮೆ ಎಳೆಯಬಹುದು. ಅರೆಬರೆ ಕೆಟ್ಟ ಸ್ವಿಚ್ಚು ಸಣ್ಣ ಹೊರೆಯನ್ನು ಎತ್ತಿ, ದೊಡ್ಡದಕ್ಕೆ ಕೈಚೆಲ್ಲುವುದು ಸಾಧ್ಯ. ಇಸಿಯುವಿನಿಂದ ಬರುವ ಕಡೆಯ ಜಾಯಿಂಟಿಗೂ ಇದೇ ಮಾತು ಹೊಂದುತ್ತದೆ. ಆದರೆ ಇಸಿಯುವಿನ ಸ್ವಿಚ್ಚು ಹೀಗೆ ಅರೆಜೀವವಾಗುವುದು ಅಪರೂಪ, ಜಾಯಿಂಟು ಹಾಳಾಗುವುದು ನಿತ್ಯದ ಮಾತು. ಅಪರೂಪದ್ದನ್ನು ಮೊದಲು ಹಿಡಿದು, ನಿತ್ಯದ್ದನ್ನು ನೋಡದೇ ಬಿಡುವುದು ಗಿರಾಕಿಯ ಹಣದಲ್ಲಿ ಆಡುವ ಜೂಜು.

ಜಾಯಿಂಟು ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಕಿಟ್‌ಗಳ ಜೊತೆ ಕಪ್ಲರಿನಿಂದ ಕಪ್ಲರಿಗೆ ಸೇರುವ ಹಾರ್ನೆಸ್, ಅಂದರೆ ಸಿದ್ಧ ವೈರುಗಳ ಕಟ್ಟು, ಬರುತ್ತದೆ, ಮೂಲ ವೈರನ್ನು ಕತ್ತರಿಸಬೇಕಾಗಿಲ್ಲ. ಅಗ್ಗಕ್ಕೆ ಹಾಕುವವರು ನಾಲ್ಕೂ ವೈರನ್ನು ಕತ್ತರಿಸುತ್ತಾರೆ. ನಾಲ್ಕು ವೈರಿಗೆ ಎರಡೆರಡು ತುದಿ, ಒಟ್ಟು ಎಂಟು ಜಾಯಿಂಟು. ತಾಮ್ರದ ಎಳೆಗಳನ್ನು ಕೈಯಲ್ಲಿ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ, ಎಂಟನ್ನೂ ಒಟ್ಟಿಗೆ ಕಟ್ಟಿ, ಕಣ್ಣಿಗೆ ಕಾಣದಂತೆ ಒಂದು ಕೊಳವೆಯೊಳಗೆ ತೂರಿಸುತ್ತಾರೆ. ಅಂದು ಗಾಡಿ ಚೆನ್ನಾಗಿಯೇ ಓಡುತ್ತದೆ. ಇಂಜಿನ್ನಿನ ಕಾವಿಗೆ ಟೇಪಿನ ಅಂಟು ಕರಗುತ್ತದೆ, ಮಳೆಗಾಲದಲ್ಲಿ ತೇವ ಒಳಸೇರುತ್ತದೆ, ಇಂಜಿನ್ ಅಲುಗಿದಂತೆ ಹೊಸೆದ ಎಳೆ ಸಡಿಲವಾಗುತ್ತದೆ. ಮುಂಬೈಯ ಕಡಲಗಾಳಿಯ ಉಪ್ಪು ಮಿಕ್ಕ ಕೆಲಸ ಮುಗಿಸುತ್ತದೆ.

ಕಳೆದ ಮಳೆಗಾಲದಲ್ಲಿ ಭಿವಂಡಿಯಿಂದ ಒಂದು ಟೂರಿಸ್ಟ್ ಕಾರು ನನ್ನ ಬಳಿಗೆ ಬಂತು. ನಿಮ್ಮದರಂತೆಯೇ ಕಾಯಿಲೆ, ಎರಡನೆಯ ಸಿಲಿಂಡರಿನದು. ಚಾಲಕ ಆಗಲೇ ಕುರ್ಲಾದ ಹಳೆ ಸಾಮಾನಿನ ಅಂಗಡಿಯಿಂದ ಇಸಿಯು ತಂದು ಸೀಟಿನ ಮೇಲೆ ಇಟ್ಟುಕೊಂಡಿದ್ದ. ಕೀ ಹಾಕಿ, ಇಂಜೆಕ್ಟರಿನ ಕಪ್ಲರ್ ಸಿಕ್ಕಿಸಿಯೇ ಇಟ್ಟು, ಜಾಯಿಂಟಿನ ಆಚೆ ಬದಿ ಮೀಟರು ಹಿಡಿದರೆ 12.4 ವೋಲ್ಟ್. ಹುಡುಗರು ವೈರು ಸರಿಯಿದೆ ಎಂದರು. ಟೇಪನ್ನು ಉದ್ದಕ್ಕೆ ಸೀಳಿದೆ. ಒಳಗೆ ಕರಿ ಅಂಟು, ಅಂಟಿನೊಳಗೆ ಹಸಿರು ಹುಡಿ. ಉಗುರಿನಲ್ಲಿ ಕೆರೆದರೆ ತಾಮ್ರದ ಎಳೆಗಳು ಒಣ ನಾರಿನಂತೆ ಉದುರಿದವು. ಕೊನೆಗೆ ಒಂದೆರಡು ಎಳೆ ಮಾತ್ರ ಆ ಕಡೆಯಿಂದ ಈ ಕಡೆ ದಾಟಿದ್ದವು. ಮೀಟರು ತೋರಿಸಿದ 12.4 ವೋಲ್ಟ್ ಅವುಗಳ ಮೂಲಕ ಬಂದದ್ದು.

ವೈರಿಂಗ್ ದೋಷ ಹುಡುಕುವವರು ಎಡವುವುದು ಇಲ್ಲಿಯೇ. ಮಲ್ಟಿಮೀಟರು ತಾನು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹೂಳು ತುಂಬಿದ ನೀರಿನ ಕೊಳವೆಯಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಇರುತ್ತದೆ, ನಲ್ಲಿ ತಿರುಗಿಸಿದ ಮೇಲೆ ತಾನೇ ಹನಿಯಷ್ಟೇ ಬರುವುದು ಗೊತ್ತಾಗುವುದು! ಆದ್ದರಿಂದ ವೈರಿನ ಮೇಲೆ ಹೊರೆ ಹಾಕಿ ನೋಡಬೇಕು. ಬೈಕಿನ ಇಂಡಿಕೇಟರಿಗೆ ಹಾಕುವ 12 ವೋಲ್ಟಿನ 10 ವ್ಯಾಟ್ ಬಲ್ಬು ಇದಕ್ಕೆ ಸಾಕು. ಅದು ಸುಮಾರು 0.8 ಆಂಪಿಯರ್ ಎಳೆಯುತ್ತದೆ, ಇಂಜೆಕ್ಟರಿಗೆ ಹತ್ತಿರದ ಲೆಕ್ಕ. ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲವು ನಿಮಿಷ ಬಿಟ್ಟು, ಇಸಿಯು, ಗ್ಯಾಸಿನ ಕಂಪ್ಯೂಟರ್, ಇಂಜೆಕ್ಟರ್ ಈ ಮೂರೂ ಕಡೆಯ ಕಪ್ಲರನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಆ ವೈರಿನ ತುಂಡಿನ ಮೂಲಕ ಬೇರೊಂದು ಬ್ಯಾಟರಿಯಿಂದ ಬಲ್ಬು ಉರಿಸಬೇಕು. ಪೂರ್ತಿ ಬೆಳಕು ಬಂದು, ವೈರಿನ ಎರಡು ತುದಿಗಳ ನಡುವೆ 0.2 ವೋಲ್ಟಿಗಿಂತ ಕಡಿಮೆ ಕಂಡರೆ ವೈರು ಗಟ್ಟಿ. ಬಲ್ಬು ಮಂಕಾದರೆ ಅಲ್ಲೇ ಕಳ್ಳ ಸಿಕ್ಕಿದ. ಇಸಿಯುವಿನ ಕಪ್ಲರ್ ಸಿಕ್ಕಿಸಿಯೇ ಇಟ್ಟು ಈ ಪರೀಕ್ಷೆಯನ್ನು ಮಾಡಕೂಡದು, ಒಳ್ಳೆಯ ಇಸಿಯು ನಿಜವಾಗಿಯೂ ಸುಟ್ಟೀತು.

ಇಂಜೆಕ್ಟರಿನ ಕಪ್ಲರಿಗೆ ಸಿಕ್ಕಿಸಿ ನೋಡುವ ಎಲ್‌ಇಡಿಯ ಮಿನುಗು ದೀಪವೊಂದು ಸಿಗುತ್ತದೆ. ಇಂಜಿನ್ 800 ಸುತ್ತಿನಲ್ಲಿ ತಿರುಗುವಾಗ ಸೆಕೆಂಡಿಗೆ ಆರೇಳು ಸಲ ಮಿನುಗಬೇಕು. ಮಿನುಗದಿದ್ದರೆ ಅಪ್ಪಣೆ ಇಂಜೆಕ್ಟರಿನವರೆಗೆ ಮುಟ್ಟುತ್ತಿಲ್ಲ ಎಂಬುದು ಖಚಿತ. ಮಿನುಗಿದರೆ ಎಲ್ಲವೂ ಸರಿ ಎಂದಲ್ಲ. ಎಲ್‌ಇಡಿಯೂ ಅತಿ ಕಡಿಮೆ ಕರೆಂಟಿನಲ್ಲಿ ಉರಿಯುತ್ತದೆ, ಕೊಳೆತ ಜಾಯಿಂಟಿನ ಮೇಲೂ ಮಿನುಗಿ ಮೋಸ ಮಾಡುತ್ತದೆ.

ನೀವು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಕೇಳಬೇಕಾದ ಮೊದಲ ಪರೀಕ್ಷೆ ಬಲ್ಬಿಗಿಂತಲೂ ಸರಳ. ಮೂರನೆಯ ಮತ್ತು ಎರಡನೆಯ ಪೆಟ್ರೋಲ್ ಇಂಜೆಕ್ಟರಿನ ಕಪ್ಲರುಗಳನ್ನು, ಉದ್ದ ಸಾಲುವುದಾದರೆ, ಅದಲುಬದಲು ಮಾಡಿ, ಕೋಡ್ ಅಳಿಸಿ, ಪೆಟ್ರೋಲಿನಲ್ಲಿ ಒಂದೆರಡು ನಿಮಿಷ ಓಡಿಸುವುದು. ಗಾಡಿ ಇನ್ನೂ ಹೆಚ್ಚು ನಡುಗುತ್ತದೆ, ಹೆದರಬೇಡಿ. ಮತ್ತೆ ಪಿ0203 ಬಂದರೆ ದೋಷ ವೈರಿನ ಕಡೆ. ಪಿ0202 ಎಂದು ಬದಲಾದರೆ ದೋಷ ಮೂರನೆಯ ಇಂಜೆಕ್ಟರಿನ ಒಳಗೆ. ಇಷ್ಟು ಮಾಡಲು ಹೊಸ ಸಾಮಾನು ಏನೂ ಬೇಡ. ಜೊತೆಗೇ ನಾಲ್ಕೂ ಇಂಜೆಕ್ಟರುಗಳ ಓಮ್ ಅಳೆಸಿ. ಈ ಬಗೆಯ ಪೆಟ್ರೋಲ್ ಇಂಜೆಕ್ಟರು ತಣ್ಣಗಿದ್ದಾಗ ಸಾಮಾನ್ಯವಾಗಿ 11ರಿಂದ 16 ಓಮ್ ಒಳಗೆ ಇರುತ್ತದೆ. ಸಂಖ್ಯೆಗಿಂತ ಮುಖ್ಯ, ನಾಲ್ಕೂ ಒಂದೇ ಆಗಿರಬೇಕು. ಮೂರು 12 ತೋರಿಸಿ ಒಂದು 4 ತೋರಿಸಿದರೆ ಆ ಸುರುಳಿ ಒಳಗೇ ಮುಟ್ಟಿಕೊಂಡಿದೆ. ಅಂಥದ್ದು ಅಪಾಯಕಾರಿ, ಅದೇ ಇಸಿಯುವನ್ನು ಸುಡುವುದು. ಹಾಗಿದ್ದೂ ಇಸಿಯು ಮಾತ್ರ ಬದಲಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ದೋಷ ವೈರಿನ ಕಡೆ ಎಂದಾದರೆ, ಗ್ಯಾಸಿನ ಕಂಪ್ಯೂಟರನ್ನು ನಡುವಿನಿಂದ ಪೂರ್ತಿ ಸರಿಸಿ, ಮೂಲ ವೈರುಗಳನ್ನು ನೇರವಾಗಿ ಜೋಡಿಸಿ ಪೆಟ್ರೋಲಿನಲ್ಲಿ ಓಡಿಸಿ ನೋಡಲಿ. ಗಾಡಿ ಶಾಂತವಾದರೆ ಇಸಿಯುವಿನ ಮಾತು ಅಲ್ಲಿಗೆ ಮುಗಿಯಿತು. ಈ ಕೆಲಸ ಮಾಡುವಾಗ ಗ್ಯಾಸ್ ಸಿಲಿಂಡರಿನ ವಾಲ್ವನ್ನು ಮುಚ್ಚಿರಬೇಕು. ಗ್ಯಾಸಿನ ಕೊಳವೆಗಾಗಲಿ, ಮೂರು ಬಾರ್ ಒತ್ತಡದ ಆಸುಪಾಸಿನಲ್ಲಿರುವ ಪೆಟ್ರೋಲ್ ಕೊಳವೆಗಾಗಲಿ ಕೈ ಹಾಕಬೇಕಾದ ಅಗತ್ಯವಿಲ್ಲ.

ಪರೀಕ್ಷೆ ಮಾಡುವವರ ಕೈಯ ಮೇಲೂ ಒಂದು ಕಣ್ಣಿರಲಿ. ಮೀಟರಿನ ದಪ್ಪ ಮೊನೆಯನ್ನು ಕಪ್ಲರಿನ ತೂತಿಗೆ ಒತ್ತಿದರೆ ಒಳಗಿನ ತಗಡು ಅಗಲವಾಗಿ, ಇಲ್ಲದ ದೋಷ ಹೊಸದಾಗಿ ಹುಟ್ಟುತ್ತದೆ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ನೋಡುವುದೂ ಹಾಗೆಯೇ. ಆ ತೂತಿನಿಂದ ನೀರು ಒಳಸೇರಿ, ಸಿಪ್ಪೆಯೊಳಗೇ ಎಳೆಗಳ ಉದ್ದಕ್ಕೂ ಹರಿದು, ಗೇಣುದ್ದ ಆಚೆ ಕೊಳೆಯಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಳುಗಿದ ಕಾರುಗಳು ಒಣಗಿ, ಸ್ಟಾರ್ಟ್ ಆಗಿ, ಮಾರಾಟವೂ ಆದವು. ಆದರೆ ಅವುಗಳ ವೈರಿನ ಕಾಯಿಲೆ ವರ್ಷಗಟ್ಟಲೆ ಒಂದೊಂದಾಗಿ ಹೊರಬೀಳುತ್ತಲೇ ಇತ್ತು. ನಿಮ್ಮ ಗಾಡಿಯಲ್ಲಿ ನೀರು ಬಾಗಿಲಿನ ಅಂಚಿಗೆ ನಿಂತದ್ದರಿಂದ ಇಂಜೆಕ್ಟರಿನ ಎತ್ತರಕ್ಕೆ ಮುಟ್ಟಿರಲಾರದು. ಫ್ಯಾನು ಚಿಮ್ಮಿಸಿದ ನೀರು ಟೇಪಿನ ಜಾಯಿಂಟಿಗೆ ಸಾಕಷ್ಟಾಯಿತು. ಆದರೂ ಇಸಿಯುವನ್ನು ಎಲ್ಲಿ ಕೂರಿಸಿದ್ದಾರೆ, ಅದರ ಕಪ್ಲರಿನಲ್ಲಿ ತೇವ ಇದೆಯೇ ಎಂದು ಒಮ್ಮೆ ತೆರೆದು ನೋಡಿಸಿ.

ಬೇರೆ ಓದುಗರಿಗಾಗಿ ಎರಡು ಮಾತು, ಏಕೆಂದರೆ ಎಲ್ಲರ ಗಾಡಿಯೂ ಮೂರನೆಯ ಸಿಲಿಂಡರಿನಲ್ಲೇ ಕೆಡುವುದಿಲ್ಲ. ನಾಲ್ಕೂ ಇಂಜೆಕ್ಟರು ಒಟ್ಟಿಗೆ ಸತ್ತರೆ ಫ್ಯೂಸು, ಮೇನ್ ರಿಲೇ, ಇಂಜಿನ್ನಿನ ತಿರುಗಾಟವನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಕಡೆ ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಸೆನ್ಸರುಗಳ ಕೋಡ್ ಒಮ್ಮೆಲೇ ಬಂದರೆ ಎಲ್ಲ ಸೆನ್ಸರೂ ಒಟ್ಟಿಗೆ ಕೆಟ್ಟಿರುವುದಿಲ್ಲ. ಅವು ಹಂಚಿಕೊಳ್ಳುವ 5 ವೋಲ್ಟಿನ ವೈರು ಎಲ್ಲೋ ಅರ್ಥಿಗೆ ತಗುಲಿರುತ್ತದೆ, ಇಲ್ಲವೇ ಅರ್ಥಿನ ಬೋಲ್ಟಿಗೆ ತುಕ್ಕು ಹಿಡಿದಿರುತ್ತದೆ. ಹೆಡ್‌ಲೈಟ್, ಎಸಿ ಹಾಕಿದಾಗ ಮಾತ್ರ ಕಾಟ ಕೊಟ್ಟರೂ ಮೊದಲು ಅರ್ಥ್ ನೋಡಿ. ಫ್ಯೂಸು ಪದೇ ಪದೇ ಹಾರಿದರೆ ದೊಡ್ಡ ಆಂಪಿಯರಿನದನ್ನು ಹಾಕುವವರ ಗ್ಯಾರೇಜಿಗೆ ಮತ್ತೆ ಹೋಗಬೇಡಿ, ಆಗ ಫ್ಯೂಸಿನ ಬದಲು ವೈರು ಸುಡುತ್ತದೆ. ಕಾಮನ್ ರೈಲ್ ಡೀಸೆಲ್ ಮತ್ತು ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಗಾಡಿಗಳಿಗೆ ನಾನು ಮೇಲೆ ಹೇಳಿದ ಬಲ್ಬು, ಅದಲುಬದಲು ಯಾವುದೂ ಸಲ್ಲದು. ಅವುಗಳ ಇಂಜೆಕ್ಟರಿಗೆ ಇಸಿಯು 12 ವೋಲ್ಟಿಗಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಕೊಡುತ್ತದೆ, ಕೈಗೂ ಅಪಾಯ, ಇಸಿಯುಗೂ ಅಪಾಯ.

ಈಗ ನಿಮ್ಮ ಮುಂದಿರುವ ದಾರಿಗಳು. ಜಾಯಿಂಟೇ ಕಾರಣವಾದರೆ ಮೂರನೆಯದನ್ನು ಮಾತ್ರ ಸರಿಪಡಿಸಿ ಕೈ ತೊಳೆದುಕೊಳ್ಳಬೇಡಿ. ಎಂಟನ್ನೂ ಒಂದೇ ದಿನ, ಒಂದೇ ಕೈ ಹೊಸೆದಿದೆ. ಮಿಕ್ಕವು ಸರದಿಯಲ್ಲಿವೆ. ಕೊಳೆತ ಭಾಗವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅದೇ ದಪ್ಪದ ವೈರು ಸೇರಿಸಿ, ಕ್ರಿಂಪ್ ಮಾಡಿ (ಲೋಹದ ತುಂಡಿನೊಳಗಿಟ್ಟು ಅದುಮಿ), ಒಳಗೆ ಅಂಟಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು. ಜಾಯಿಂಟುಗಳು ಪಕ್ಕಪಕ್ಕದಲ್ಲಿ ಬರಬಾರದು, ಒಂದು ಮೇಲೆ ಒಂದು ಕೆಳಗೆ ಇರಬೇಕು. ನಮ್ಮ ವೈರ್‌ಮನ್‌ಗಳಲ್ಲಿ ಬಹಳ ಮಂದಿಗೆ ಬೆಸುಗೆಯ ಮೇಲೆಯೇ ಪ್ರೀತಿ. ಬೆಸುಗೆ ಕೆಟ್ಟದ್ದಲ್ಲ, ಆದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಬಿರುಸಾಗಿ, ಇಂಜಿನ್ನಿನ ಅಲುಗಾಟಕ್ಕೆ ಅಲ್ಲಿಯೇ ಮುರಿಯುತ್ತದೆ. ಮಾಡಲೇಬೇಕಾದರೆ ವೈರು ಅಲುಗದಂತೆ ಎರಡೂ ಕಡೆ ಕಟ್ಟಿಸಿ. ಕಾಯಂ ಪರಿಹಾರ ಬೇಕೆಂದರೆ ನಿಮ್ಮ ಗಾಡಿಗೆ ಹೊಂದುವ ಕಪ್ಲರಿನಿಂದ ಕಪ್ಲರಿಗೆ ಸೇರುವ ಹಾರ್ನೆಸ್ ಹಾಕಿಸಿ. ಅದಕ್ಕೆ ಖರ್ಚು ಹೆಚ್ಚು, ಆದರೆ ಮುಂದೆ ಕಿಟ್ ತೆಗೆಯಬೇಕಾದರೂ ಸುಲಭ.

ಇಂಜೆಕ್ಟರೇ ಕೆಟ್ಟಿದ್ದರೆ ಅದೊಂದನ್ನು ಬದಲಿಸಿ, ಭಾಗದ ಸಂಖ್ಯೆ ಹೊಂದಿರಬೇಕು. ಗ್ಯಾಸಿನ ಕಂಪ್ಯೂಟರಿನೊಳಗಿನ ದೋಷವಾದರೆ ಕಿಟ್ ಹಾಕುವ ಅಧಿಕೃತರಲ್ಲಿಗೇ ಹೋಗಿ.

ಇಷ್ಟೆಲ್ಲ ಆದ ಮೇಲೂ ಬೆರಳು ಇಸಿಯು ಕಡೆಗೇ ತೋರಿದರೆ, ಮೊದಲು ಅದಕ್ಕೆ ಬರುವ 12 ವೋಲ್ಟ್ ಮತ್ತು ಅದರ ಅರ್ಥ್‌ಗಳನ್ನು ಹೊರೆಯ ಮೇಲೆ ಅಳೆಸಿ. ಇಂಜಿನ್ ಓಡುತ್ತಿರುವಾಗ ಇಸಿಯುವಿನ ಅರ್ಥಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಅದೂ ಸರಿಯಿದ್ದರೆ ಮಾತ್ರ ಇಸಿಯು ಬಿಚ್ಚಲಿ. ಹಳೆಯ ಇಸಿಯು 15,000ಕ್ಕೆ ಅಗ್ಗವೆಂದು ಕಾಣುತ್ತದೆ, ಆದರೆ ಅದರೊಳಗೆ ಬೇರೊಂದು ಗಾಡಿಯ ಕೀಲಿಯ ಗುರುತು ಕೂತಿರುತ್ತದೆ. ಇಮ್ಮೊಬಿಲೈಜರ್, ಅಂದರೆ ಗುರುತಿಲ್ಲದ ಕೀಲಿಗೆ ಇಂಜಿನ್ ತಡೆಯುವ ಕಳ್ಳಗಾವಲು, ಇರುವ ಗಾಡಿ ಅದನ್ನು ಒಪ್ಪುವುದಿಲ್ಲ, ಸ್ಟಾರ್ಟೇ ಆಗುವುದಿಲ್ಲ. ಕೋಡಿಂಗ್ ಮಾಡಿಸಲು ಮತ್ತೆ ಹಣ ಕೊಡಬೇಕು, ಅದು ಯಾವ ಗಾಡಿಯಿಂದ ಬಂತು, ನೀರಿನಲ್ಲಿ ಮುಳುಗಿತ್ತೇ ಎಂದು ಯಾರೂ ಹೇಳುವುದಿಲ್ಲ. ನಿಮ್ಮದೇ ಇಸಿಯುವಿನ ಸುಟ್ಟ ಸ್ವಿಚ್ಚನ್ನು ಮಾತ್ರ ಬದಲಿಸಿ ಕೊಡುವವರು ಮುಂಬೈ, ಪುಣೆ ಎರಡೂ ಕಡೆ ಇದ್ದಾರೆ. ಕೀಲಿಯ ತಂಟೆ ಇರುವುದಿಲ್ಲ, ಕೆಲಸ ಅವರ ಕೈಗುಣದ ಮೇಲೆ ನಿಂತಿದೆ. ಲಿಖಿತ ವಾರಂಟಿ ಇಲ್ಲದೆ ಕೊಡಬೇಡಿ.

ಏನೂ ಮಾಡದೆ ಗ್ಯಾಸಿನಲ್ಲೇ ಊರು ಮುಟ್ಟಿಬಿಡೋಣ ಎಂಬ ಯೋಚನೆ ನಿಮಗೆ ಬಂದಿರಬಹುದು. ಬೇಡ. ಚೌತಿಯ ಮುಂಚೆ ಮುಂಬೈ-ಗೋವಾ ಹೆದ್ದಾರಿಯ ಗ್ಯಾಸ್ ಪಂಪುಗಳಲ್ಲಿ ಸಾಲು ಹೇಗಿರುತ್ತದೆಂದು ನಿಮಗೆ ಗೊತ್ತು. ಗ್ಯಾಸು ಮುಗಿದ ಕ್ಷಣ ಗಾಡಿ ತಾನಾಗಿ ಪೆಟ್ರೋಲಿಗೆ ಬರುತ್ತದೆ, ಘಾಟಿಯ ಏರಿನಲ್ಲಿ ಹಿಂದೆ ಟ್ರಕ್ಕು ಇರುವಾಗ ನಾಲ್ಕರಲ್ಲಿ ಒಂದು ಸಿಲಿಂಡರು ಕೈಕೊಡುತ್ತದೆ. ಮೇಲಾಗಿ ಮೂರನೆಯ ಸಿಲಿಂಡರಿನಿಂದ ಸುಡದ ಗಾಳಿ ಹೊರಬಂದಾಗ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರು ಪೆಟ್ರೋಲ್ ಕಡಿಮೆಯಾಯಿತೆಂದು ತಪ್ಪು ತಿಳಿಯಬಹುದು, ಇಸಿಯು ಉಳಿದ ಮೂರಕ್ಕೆ ಹೆಚ್ಚು ಸುರಿಯಬಹುದು. ಹೀಗೆ ಹೆಚ್ಚಾಗಿ ಉಳಿದ ಪೆಟ್ರೋಲ್ ಉರಿದು ಬಿಸಿಯೇರುವುದು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ, ಅದು ಸಣ್ಣ ಖರ್ಚಿನ ಸಾಮಾನಲ್ಲ. ಚೆಕ್ ಇಂಜಿನ್ ದೀಪ ಸ್ಥಿರವಾಗಿ ಉರಿಯದೆ ಮಿಟುಕತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬದಿಗೆ ನಿಲ್ಲಿಸಿ. ಇನ್ನು, ಗ್ಯಾಸಿನಲ್ಲೇ ಓಡಿಸುವವರು ಪೆಟ್ರೋಲ್ ಟ್ಯಾಂಕನ್ನು ಬರಿದು ಬಿಡುವ ಅಭ್ಯಾಸವೊಂದಿದೆ. ಹೊರಗೆ ಹಾಕಿಸಿದ ಅನೇಕ ಕಿಟ್‌ಗಳಲ್ಲಿ ಗ್ಯಾಸಿನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪು ತಿರುಗುತ್ತಲೇ ಇರುತ್ತದೆ. ಅದನ್ನು ತಣ್ಣಗಿಡುವುದು ಟ್ಯಾಂಕಿನ ಪೆಟ್ರೋಲೇ. ಕಾಲು ಟ್ಯಾಂಕಾದರೂ ಇಟ್ಟುಕೊಳ್ಳಿ.

ಕಿಟ್ ಹಾಕಿಸಿ ಮೂರು ವರ್ಷವಾಯಿತು ಎಂದಿದ್ದೀರಿ. ಗ್ಯಾಸ್ ಸಿಲಿಂಡರಿನ ಹೈಡ್ರೊ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ಆಗಬೇಕು, ಅಂದರೆ ನಿಮ್ಮದು ಈಗಲೇ ಬಾಕಿ. ಸಿಲಿಂಡರಿನ ಬಳಿಯ ತಗಡಿನ ಫಲಕದಲ್ಲಿ ದಿನಾಂಕ ಇರುತ್ತದೆ, ನೋಡಿ. ಊರಿಗೆ ಹೊರಡುವ ಮೊದಲು ಅದನ್ನೂ ಮುಗಿಸಿಕೊಳ್ಳಿ. ವೈರಿನ ಕೆಲಸ ಮುಗಿದ ಮೇಲೆ ಗ್ಯಾಸಿನ ಸ್ವಿಚ್ಚನ್ನು ಪೆಟ್ರೋಲಿಗೆ ಹಾಕಿ ನಾಲ್ಕೈದು ದಿನ ಪೆಟ್ರೋಲಿನಲ್ಲೇ ಓಡಿಸಿ, ಅದರಲ್ಲಿ ಒಂದು ದಿನವಾದರೂ ಜೋರು ಮಳೆಯಿರಲಿ. ಕೋಡ್ ಮರಳದಿದ್ದರೆ ಹೊರಡಿ. ಹೇಗೋ ಇಸಿಯು ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಅಂಗಡಿಯವರಿಗೆ ಬಿಟ್ಟುಕೊಡದೆ ಮನೆಗೆ ತನ್ನಿ.